ಫಸ್ಟ್ ಸರ್ವಿಸ್ ಕಿಲೋಮೀಟರ್ ದಾಟಿ ಹೋಯಿತೇ? ಮುಂದೆ ಮಾಡಬೇಕಾದ್ದು

ಉಡುಪಿಯಿಂದ ಮಂಗಳೂರಿಗೆ ದಿನಾ ಬೈಕಲ್ಲಿ ಕೆಲಸಕ್ಕೆ ಹೋಗಿಬರುವವರ ಹೊಸ ಗಾಡಿಗೆ 1000 ಕಿ.ಮೀ. ಆಗಲು ಎರಡು ವಾರ ಬೇಡ. ಆಯುಧಪೂಜೆಗೆ ಗಾಡಿ ತೆಗೆದವರಿಗಂತೂ ಸರ್ವಿಸ್‌ಗೆ ದಿನ ಸಿಗುವಷ್ಟರಲ್ಲಿ ಮೀಟರ್ ಮುಂದೆ ಹೋಗಿರುತ್ತದೆ. ಮಾಡೆಲ್ ನೋಡಿಕೊಂಡು ಫಸ್ಟ್ ಸರ್ವಿಸ್ ಮಿತಿ ಸಾಮಾನ್ಯವಾಗಿ 500ರಿಂದ 1000 ಕಿ.ಮೀ. ಜೊತೆಗೆ ದಿನಗಳ ಗಡುವೂ ಇದೆ. ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ರಜೆಯಲ್ಲಿ ಬಂದು ಗಾಡಿ ತೆಗೆದು ಗಲ್ಫಿಗೆ ವಾಪಸಾಗುವವರು ಎಡವುವುದು ಇಲ್ಲೇ. ಓಡಿದ್ದು 120 ಕಿ.ಮೀ., ಗಡುವು ಮಾತ್ರ ಮುಗಿದಿರುತ್ತದೆ. ಹೊರಡುವ ಮೊದಲೇ ಸರ್ವಿಸ್ ಬುಕ್‌ಲೆಟ್ ಮನೆಯವರ ಕೈಗೆ ಕೊಟ್ಟು ತಾರೀಕು ತೋರಿಸಿ ಹೋಗಿ.

ನೂರಿನ್ನೂರು ಕಿ.ಮೀ. ದಾಟಿದ ಮಾತ್ರಕ್ಕೆ ಇಂಜಿನ್ ಕೆಡುವುದಿಲ್ಲ. ಆದರೆ ಮೊದಲು ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ಈಗಿನ ರೀಡಿಂಗ್ ಹೇಳಿ, ಹತ್ತಿರದ ದಿನ ಬುಕ್ ಮಾಡಿ. ಮೀಟರಿನ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ತಾರೀಕಿನ ದಾಖಲೆಯೂ ಉಳಿಯುತ್ತದೆ. ಫ್ರೀ ಸರ್ವಿಸ್ ಕೂಪನ್ ಇನ್ನು ನಡೆಯುವುದಿಲ್ಲ ಎಂದರೆ ಲೇಬರ್ ಚಾರ್ಜ್ ಕೊಟ್ಟೇ ಮಾಡಿಸಿ. ಫ್ರೀ ಸರ್ವಿಸ್ ಎಂದರೂ ಆಯಿಲಿಗೆ ಹೇಗೂ ದುಡ್ಡು ಕೊಡಬೇಕು, ಉಳಿಯುವುದು ಲೇಬರ್ ಒಂದೇ. ಆ ನಾಲ್ಕು ಕಾಸು ಉಳಿಸಲು ಹೊರಗಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದರೆ ನಾಳೆ ವಾರಂಟಿ ಕೇಳುವಾಗ ಜಾಬ್ ಕಾರ್ಡ್ (ಸರ್ವಿಸ್ ಸೆಂಟರ್ ಕೆಲಸ ಬರೆದುಕೊಡುವ ಚೀಟಿ) ಎಲ್ಲಿ ಎನ್ನುತ್ತಾರೆ.

ಅವಸರ ಇರುವುದು ಆಯಿಲಿನ ವಿಷಯದಲ್ಲಿ. ಹೊಸ ಇಂಜಿನಿನಲ್ಲಿ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಉಜ್ಜಿ ಹದಕ್ಕೆ ಬರುವಾಗ ನುಣ್ಣನೆಯ ಲೋಹದ ಪುಡಿ ಬೀಳುತ್ತದೆ. ಹೆಚ್ಚಿನ ಬೈಕುಗಳಲ್ಲಿ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಗೇರಿನ ಹಲ್ಲಿನ ಪುಡಿಯೂ ಅದಕ್ಕೇ ಸೇರುತ್ತದೆ. 100–125 ಸಿಸಿಯ ಎಷ್ಟೋ ಗಾಡಿಗಳಲ್ಲಿ ಪೇಪರ್ ಫಿಲ್ಟರ್ ಇಲ್ಲ, ಜಾಲರಿ ಇರುತ್ತದೆ. ಸಣ್ಣ ಪುಡಿ ಅದರಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಮೇಲಿನಿಂದ ಟಾಪ್‌ಅಪ್ ಮಾಡಿ ಸಮಾಧಾನಪಟ್ಟುಕೊಳ್ಳಬೇಡಿ. ಹಳೆಯದು ಪೂರ್ತಿ ಇಳಿಯಲೇಬೇಕು.

ಬುಕ್ ಮಾಡಿದ ದಿನ ಬರುವವರೆಗೆ ಗಾಡಿ ಓಡಿಸಲೇಬೇಕಾದರೆ ಆಯಿಲ್ ಮಟ್ಟ ನೋಡಿ. ಸಮತಟ್ಟಾದ ಜಾಗದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ, ಎರಡು ಮೂರು ನಿಮಿಷ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಅಷ್ಟೇ ಹೊತ್ತು ಕಾಯಿರಿ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಒರೆಸಿ ಮತ್ತೆ ಇಳಿಸಿ. ಹಲವು ಗಾಡಿಗಳಲ್ಲಿ ಅದನ್ನು ತಿರುಗಿಸದೆ ಸುಮ್ಮನೆ ಕೂರಿಸಿ ನೋಡಬೇಕು, ತಿರುಗಿಸಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನಿಮ್ಮದು ಯಾವ ಬಗೆ ಎಂಬುದು ಮ್ಯಾನುಯಲ್‌ನಲ್ಲಿದೆ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಓಡಿಸಬೇಡಿ.

ಓಡಿಸುವಾಗ ಪಡುಬಿದ್ರಿ, ಮುಲ್ಕಿ ಕಡೆಯ ನೇರ ರಸ್ತೆಯಲ್ಲಿ ಒಂದೇ ವೇಗ ಹಿಡಿದು ಕೂರಬೇಡಿ. ಮ್ಯಾನುಯಲ್ ಹೇಳಿದ ಮಿತಿಯೊಳಗೆ ಹೆಚ್ಚು ಕಡಿಮೆ ಮಾಡುತ್ತಿರಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತುವುದು ಸರ್ವಿಸ್ ಆದ ಮೇಲೆ ಇರಲಿ ಮಾರಾಯ್ರೆ. ಟಾಪ್ ಗೇರಿನಲ್ಲಿ ಗಾಡಿ ಗುಡುಗುಡು ಅನ್ನುತ್ತ ಏರು ಹತ್ತುವುದು ಹೊಸ ಇಂಜಿನಿಗೆ ಜೋರಾಗಿ ಓಡಿಸಿದಷ್ಟೇ ಕೆಟ್ಟದು.

ಚೈನ್ ಕೆಲಸ ಕಾಯುವಂಥದ್ದಲ್ಲ. ಸುಮಾರು 500 ಕಿ.ಮೀ.ಗೊಮ್ಮೆ ಲೂಬ್ ಬೇಕು. ಮಳೆಗಾಲದಲ್ಲಿ, ಮಲ್ಪೆ–ಪಣಂಬೂರು ಬದಿಯ ಉಪ್ಪುಗಾಳಿಗೆ ಇನ್ನೂ ಬೇಗ. ಹೊಸ ಚೈನ್ ಮೊದಮೊದಲು ಬೇಗ ಸಡಿಲವಾಗುತ್ತದೆ. ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿ. ಹೆಚ್ಚಿನ ಗಾಡಿಗಳಿಗೆ 25–35 ಮಿ.ಮೀ. ಆಟ ಸರಿ. ಬಿಗಿ ಮಾಡುವಾಗ ಎರಡೂ ಬದಿಯ ಗುರುತು ಸಮ ಇರಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಓರೆಯಾಗುತ್ತದೆ.

ಸರ್ವಿಸ್ ದಿನ ಗಾಡಿ ಬಿಟ್ಟು ಹೋಗಬೇಡಿ, ಆಯಿಲ್ ಇಳಿಸುವಾಗ ಹತ್ತಿರ ನಿಲ್ಲಿ. ಟ್ರೇಯನ್ನು ಬಿಸಿಲಿಗೆ ಹಿಡಿದರೆ ಬೆಳ್ಳಿ ಬಣ್ಣದ ಮಿನುಗು ಕಾಣುತ್ತದೆ. ಅದು ಸಹಜ. ಕಪ್ಪಾಗಿದ್ದರೂ ಹೆದರಬೇಡಿ. ಉಗುರಿನಲ್ಲಿ ಎತ್ತಬಹುದಾದಷ್ಟು ದೊಡ್ಡ ಚೂರು ಸಿಕ್ಕರೆ ಫೋಟೊ ತೆಗೆದು ಜಾಬ್ ಕಾರ್ಡಿನಲ್ಲಿ ಬರೆಸಿ. ಜಾಲರಿ ತೊಳೆಯಲು, ಫಿಲ್ಟರ್ ಇದ್ದರೆ ಬದಲಿಸಲು, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಲು ಬಾಯಿಬಿಟ್ಟು ಹೇಳಿ. ಬೋಲ್ಟನ್ನು ಬಲ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂನ ಮರೆ (ಥ್ರೆಡ್) ಸವೆದು ಹೋಗುತ್ತದೆ, ಆಮೇಲೆ ಸೋರಿಕೆ ನಿಲ್ಲಿಸುವುದು ದೊಡ್ಡ ಕೆಲಸ. ಆಯಿಲ್ ಗ್ರೇಡ್ ಮ್ಯಾನುಯಲ್‌ನದ್ದೇ ಇರಲಿ, ಡಬ್ಬಿಯ ಮೇಲೆ ಬೈಕ್ ಆಯಿಲಿನ ಗುರುತಾದ ಜಾಸೋ (JASO) ಎಂಎ ಅಥವಾ ಎಂಎ2 ಇದೆಯೇ ನೋಡಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಾಧ್ಯತೆ ಇದೆ. ಟ್ಯಾಪೆಟ್ (ವಾಲ್ವಿನ ಸಂದು), ಕ್ಲಚ್ ಕೇಬಲಿನ ಆಟ, ಕಡ್ಡಿ ಚಕ್ರವಾದರೆ ಕಡ್ಡಿಗಳ ಬಿಗಿ, ಹ್ಯಾಂಡಲ್–ಇಂಜಿನ್ ಬೋಲ್ಟುಗಳನ್ನೂ ನೋಡಿಸಿ.

500ಕ್ಕೆ ಆಗಬೇಕಿದ್ದದ್ದು 1500 ದಾಟಿದ ಮೇಲೆ ಆಗಿದ್ದರೆ, ಮುಂದಿನ ಆಯಿಲಿಗೆ ಸೆಕೆಂಡ್ ಸರ್ವಿಸ್‌ವರೆಗೆ ಕಾಯದೆ ಅಲ್ಲಿಂದ 1000 ಕಿ.ಮೀ.ಗೇ ಇನ್ನೊಮ್ಮೆ ಬದಲಿಸಿ. ಸಣ್ಣ ಬೈಕಿಗೆ ಹಿಡಿಯುವುದು ಸುಮಾರು ಒಂದು ಲೀಟರ್. ಬಿಲ್ ಬುಕ್‌ಲೆಟ್ಟಿನೊಳಗೇ ಇಡಿ.