ಹಳೆ ಡಬಲ್ ಬೇಸ್ ನೋಡಲು ಹೋಗುವಾಗ ಟಾರ್ಚ್ ಇರಲಿ
ಸೆಕೆಂಡ್ ಹ್ಯಾಂಡ್ ಡಬಲ್ ಬೇಸ್ (ಪಿಟೀಲಿನಂಥದೇ ದೊಡ್ಡ ತಂತಿವಾದ್ಯ) ಕೊಳ್ಳುವವರು ಎಫ್ ಆಕಾರದ ಕಿಂಡಿಯಿಂದ ಒಳಗೆ ಟಾರ್ಚ್ ಬಿಟ್ಟು ನೋಡಿ. ಸೌಂಡ್ ಪೋಸ್ಟ್ ಎಂಬ ಮರದ ಪುಟ್ಟ ಕಂಬ ನೆಟ್ಟಗೆ ನಿಂತಿರಬೇಕು. ಅದನ್ನು ಅಂಟಿಸಿರುವುದಿಲ್ಲ, ತಂತಿಗಳ ಬಿಗಿಯಲ್ಲೇ ನಿಲ್ಲುತ್ತದೆ. ಹಾಗಾಗಿ ಹೊಸ ತಂತಿ ಹಾಕುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಾಯಿಸಿ. ನಾನು ಅವಸರಪಟ್ಟು ಬಿಚ್ಚಿದೆ, ಕಂಬ ಒಳಗೆ ಟಕ್ ಅಂತ ಬಿತ್ತು. ಆಳೆತ್ತರದ ವಾದ್ಯವನ್ನು ರಿಪೇರಿಗೆ ಹೊತ್ತುಕೊಂಡು ಹೋಗುವ ಕಷ್ಟ ಯಾರಿಗೂ ಬೇಡ!

ಅಂಚಿನಲ್ಲಿ ಅಂಟು ಬಿಟ್ಟಿದ್ದರೆ ಗಾಬರಿಯಿಲ್ಲ, ಮತ್ತೆ ಅಂಟಿಸಬಹುದು. ಕುತ್ತಿಗೆಯ ಬುಡದಲ್ಲಿ ಬಿರುಕಿದ್ದರೆ ಸುಮ್ನೆ ವಾಪಸ್ ಬನ್ನಿ. ಕಲಿಯುವವರಿಗೆ ಪ್ಲೈವುಡ್‌ನದೇ ಸಾಕು, ಹವೆಯ ಏರುಪೇರನ್ನು ಜಾಸ್ತಿ ತಡೆಯುತ್ತದೆ. ಅಂದಹಾಗೆ, 3/4 ಸೈಜ್ ಎಂದರೆ ಮಕ್ಕಳದಲ್ಲ. ದೊಡ್ಡವರಲ್ಲೂ ಹೆಚ್ಚಿನವರು ನುಡಿಸುವುದು ಅದನ್ನೇ.