ಹೆಸರು ಟೈಪ್ ಮಾಡಿದರೆ ಸಾಲದು: ಜಿಲ್ಲೆಯಲ್ಲಿ ಕ್ರಿಮಿನಲ್ ಕೇಸು ಹುಡುಕುವುದು ಹೀಗೆ

ಮನೆ ಬಾಡಿಗೆಗೆ ಕೊಡುವವರು, ಮಗಳಿಗೆ ಗಂಡು ನೋಡುವವರು, ಪಾಲುದಾರಿಕೆಯಲ್ಲಿ ಅಂಗಡಿ ಇಡಲು ಹೊರಟವರು ಈಗೀಗ ಒಂದು ಕೆಲಸ ತಪ್ಪದೆ ಮಾಡುತ್ತಾರೆ. ಎದುರಿನವರ ಹೆಸರನ್ನು ಕೋರ್ಟಿನ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಮಾಹಿತಿ ಎಲ್ಲರಿಗೂ ತೆರೆದೇ ಇದೆ. ಆದರೆ ಹುಡುಕಬೇಕಾದ ಕಡೆ ಹುಡುಕದೆ ‘ಏನೂ ಇಲ್ಲ ಬಿಡಿ’ ಎಂದು ಎದ್ದುಬಿಡುವವರು ಒಂದು ಕಡೆ. ಅದೇ ಹೆಸರಿನ ಇನ್ಯಾರದ್ದೋ ಕೇಸು ಹಿಡಿದುಕೊಂಡು ಊರೆಲ್ಲ ಹೇಳಿಕೊಂಡು ಬರುವವರು ಇನ್ನೊಂದು ಕಡೆ. ಪರಿಚಯದ ಮನೆಯೊಂದರಲ್ಲಿ ಹೀಗೆಯೇ ನಿಶ್ಚಿತಾರ್ಥ ನಿಂತುಹೋಯಿತು. ಆಮೇಲೆ ನೋಡಿದರೆ ಆ ಕೇಸಿನ ಆರೋಪಿಗೆ ಹುಡುಗನ ಅಪ್ಪನ ವಯಸ್ಸು!

ಮೊದಲು ಸರಿಯಾದ ಜಾಗಕ್ಕೆ ಹೋಗಿ. ಇ-ಕೋರ್ಟ್ಸ್ ಸರ್ವೀಸಸ್ ಎಂಬ ಸರ್ಕಾರಿ ವೆಬ್‌ಸೈಟ್ ಇದೆ, ಅದೇ ಹೆಸರಿನ ಆ್ಯಪ್ ಕೂಡ ಇದೆ. ದುಡ್ಡು ಕೇಳುವುದಿಲ್ಲ. ವೆಬ್‌ಸೈಟಿನ ವಿಳಾಸದ ಕೊನೆಗೆ ‘ಗವ್ ಡಾಟ್ ಇನ್’ ಇಲ್ಲದಿದ್ದರೆ ಹೊರಗೆ ಬನ್ನಿ. ಗೂಗಲ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ‘ಐದೇ ನಿಮಿಷದಲ್ಲಿ ಬ್ಯಾಕ್‌ಗ್ರೌಂಡ್ ಚೆಕ್’ ಎಂದು ಕಾಸು ಕೀಳುವ ಖಾಸಗಿ ತಾಣಗಳು. ಅವು ಇದೇ ಸರ್ಕಾರಿ ಮಾಹಿತಿಯನ್ನು ಎತ್ತಿ, ಹೆಸರು ಹೋಲುವುದನ್ನೆಲ್ಲ ಗುಡ್ಡೆ ಹಾಕಿ, ಕೆಂಪು ಬಣ್ಣದಲ್ಲಿ ‘ರಿಸ್ಕ್’ ಎಂದು ಬರೆದು ಕೊಡುತ್ತವೆ. ನನ್ನ ಮಾತು ಕೇಳಿ, ಅವಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎರಡನೆಯದು, ಯಾವ ಕೋರ್ಟು ಎಂದು ತೀರ್ಮಾನಿಸುವುದು. ಈ ತಾಣದಲ್ಲಿ ಹೆಸರು ಹಾಕಿ ಇಡೀ ರಾಜ್ಯವನ್ನು ಒಂದೇ ಸಲ ಜಾಲಾಡಲು ಆಗುವುದಿಲ್ಲ. ‘ಕೇಸ್ ಸ್ಟೇಟಸ್’ ಒತ್ತಿ ರಾಜ್ಯ, ಜಿಲ್ಲೆ, ಆಮೇಲೆ ಕೋರ್ಟ್ ಕಾಂಪ್ಲೆಕ್ಸ್ ಆರಿಸಬೇಕು. ಎಡವುವುದು ಈ ಕಾಂಪ್ಲೆಕ್ಸ್ ಹತ್ತಿರವೇ. ತುಮಕೂರು ಜಿಲ್ಲೆ ಎಂದಿಟ್ಟುಕೊಳ್ಳಿ. ತುಮಕೂರು ಊರಿನ ಕೋರ್ಟು ಬೇರೆ. ತಿಪಟೂರು, ಮಧುಗಿರಿ, ಶಿರಾ, ಕುಣಿಗಲ್ ಕೋರ್ಟುಗಳು ಬೇರೆ. ಸಾಮಾನ್ಯ ಕ್ರಿಮಿನಲ್ ಕೇಸುಗಳು ಶುರುವಾಗುವುದು ತಾಲ್ಲೂಕಿನ ಜೆಎಂಎಫ್‌ಸಿ ಕೋರ್ಟಿನಲ್ಲಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಜಿಲ್ಲಾ ಕೇಂದ್ರದ ಕಾಂಪ್ಲೆಕ್ಸ್ ಒಂದನ್ನೇ ನೋಡಿ ‘ಜಿಲ್ಲೆಯಲ್ಲಿ ಕೇಸಿಲ್ಲ’ ಅಂದರೆ ಹೇಗೆ? ಮನುಷ್ಯ ಹುಟ್ಟಿ ಬೆಳೆದ ತಾಲ್ಲೂಕು, ಈಗ ಇರುವ ತಾಲ್ಲೂಕು, ವ್ಯಾಪಾರ ಮಾಡಿದ ಊರು ಎಲ್ಲವನ್ನೂ ಒಂದೊಂದಾಗಿ ನೋಡಿ. ಬೆಂಗಳೂರಾದರೆ ಸಿಟಿ ಸಿವಿಲ್ ಕೋರ್ಟ್, ಮೇಯೋ ಹಾಲ್, ಮ್ಯಾಜಿಸ್ಟ್ರೇಟ್ ಕೋರ್ಟ್ ಎಲ್ಲವೂ ಬೇರೆ ಬೇರೆ. ಬೆಂಗಳೂರು ಗ್ರಾಮಾಂತರವಂತೂ ಇನ್ನೊಂದು ಜಿಲ್ಲೆಯೇ. ಬೇಜಾರಿನ ಕೆಲಸ, ಆದರೆ ಅಡ್ಡದಾರಿ ಇಲ್ಲ.

ಈಗ ಹೆಸರು. ‘ಪಾರ್ಟಿ ನೇಮ್’ ಎಂಬಲ್ಲಿ ಇಂಗ್ಲಿಷಿನಲ್ಲಿ ಕನಿಷ್ಠ ಮೂರು ಅಕ್ಷರ ಹಾಕಬೇಕು. ಜನ ಆಧಾರ್ ಕಾರ್ಡ್ ನೋಡಿ ಇನಿಷಿಯಲ್ ಸಮೇತ ಪೂರ್ತಿ ಹೆಸರು ಹೊಡೆಯುತ್ತಾರೆ. ಅದೇ ತಪ್ಪು. ಎಫ್‌ಐಆರ್‌ನಲ್ಲಿ ಪೊಲೀಸರು ಬರೆದ ಹೆಸರು, ಕೋರ್ಟಿನ ಗುಮಾಸ್ತರು ಇಂಗ್ಲಿಷಿಗೆ ಇಳಿಸಿದ ಹೆಸರು ಆಧಾರ್ ಕಾರ್ಡಿಗೆ ಹೊಂದಲೇಬೇಕೆಂದಿಲ್ಲ. ಮಂಜುನಾಥ ಎಂಬುದರ ಕೊನೆಗೆ ‘ಎ’ ಇರಬಹುದು, ಇಲ್ಲದಿರಬಹುದು. ‘ಟಿ’ ಆದಮೇಲೆ ‘ಎಚ್’ ಬಿಟ್ಟಿರಬಹುದು. ಲಕ್ಷ್ಮಿಯನ್ನು ‘ಎಕ್ಸ್’ ಹಾಕಿಯೂ ಬರೆಯುತ್ತಾರೆ, ‘ಕೆ-ಎಸ್-ಎಚ್’ ಹಾಕಿಯೂ ಬರೆಯುತ್ತಾರೆ. ಬಸವರಾಜ, ಬಸವರಾಜು, ಬಸವರಾಜಪ್ಪ ಮೂವರೂ ಒಬ್ಬರೇ ಆಗಿರಬಹುದು. ಅದಕ್ಕೇ ಹೆಸರಿನ ಮೊದಲ ತುಂಡು ಮಾತ್ರ ಹಾಕಿ: ‘ಮಂಜು’, ‘ಬಸವ’. ಪಟ್ಟಿ ಉದ್ದ ಬರುತ್ತದೆ, ಬರಲಿ. ಊರಲ್ಲಿ ಕರೆಯುವ ಹೆಸರೂ ಮುಖ್ಯ. ಪೊಲೀಸರು ‘ಮಂಜುನಾಥ @ ಮಂಜ’ ಎಂದು ಅಡ್ಡಹೆಸರನ್ನೂ ಸೇರಿಸಿ ಬರೆಯುವುದುಂಟು.

ಹೆಸರಿನ ಜೊತೆಗೆ ವರ್ಷವನ್ನೂ ಕೇಳುತ್ತದೆ. ಈ ವರ್ಷದ ವಿಷಯದಲ್ಲಿ ತಪ್ಪು ಮಾಡದವರನ್ನು ನಾನು ನೋಡಿದ್ದು ಕಡಿಮೆ. ಅದು ಗಲಾಟೆ ನಡೆದ ವರ್ಷವಲ್ಲ, ಎಫ್‌ಐಆರ್ ಆದ ವರ್ಷವೂ ಅಲ್ಲ. ಕೋರ್ಟಿನಲ್ಲಿ ಕೇಸು ದಾಖಲಾದ ವರ್ಷ. 2021ರಲ್ಲಿ ಹೊಡೆದಾಟವಾಗಿ ಎಫ್‌ಐಆರ್ ಆಗಿರುತ್ತದೆ. ಪೊಲೀಸರು ಚಾರ್ಜ್‌ಶೀಟ್ ಹಾಕಿ ಕೋರ್ಟಿನಲ್ಲಿ ನಂಬರ್ ಬೀಳುವಾಗ 2023 ಆಗಿರಬಹುದು. ಹಾಗಾಗಿ ಗೊತ್ತಿರುವ ವರ್ಷದಿಂದ ಮುಂದಿನ ಮೂರ್ನಾಲ್ಕು ವರ್ಷಗಳನ್ನು ಒಂದೊಂದಾಗಿ ಹಾಕಿ ನೋಡಿ. ಕೆಳಗೆ ‘ಪೆಂಡಿಂಗ್’, ‘ಡಿಸ್ಪೋಸ್ಡ್’, ‘ಬೋತ್’ ಎಂಬ ಆಯ್ಕೆಗಳಿರುತ್ತವೆ. ಯಾವಾಗಲೂ ‘ಬೋತ್’ ಒತ್ತಿ. ಪೆಂಡಿಂಗ್ ಮೇಲೆ ಬಿಟ್ಟರೆ ಮುಗಿದ ಕೇಸು ಒಂದೂ ಕಾಣುವುದಿಲ್ಲ, ಶಿಕ್ಷೆಯಾದದ್ದೂ ಕಾಣುವುದಿಲ್ಲ.

ಕ್ಯಾಪ್ಚಾ ತುಂಬಿ, ಹುಡುಕಿ.

ಪಟ್ಟಿ ಬಂತು ಅಂದುಕೊಳ್ಳಿ. ನಿಜವಾದ ಕೆಲಸ ಈಗ ಶುರು. ಮೊದಲು ಕೇಸಿನ ಜಾತಿ ನೋಡಿ. ‘ಸಿಸಿ’ ಅಂದರೆ ಮ್ಯಾಜಿಸ್ಟ್ರೇಟ್ ಮುಂದಿನ ಕ್ರಿಮಿನಲ್ ಕೇಸು. ‘ಎಸ್‌ಸಿ’ ಅಂದರೆ ಸೆಷನ್ಸ್ ಕೇಸು, ಕೊಲೆಯಂಥ ದೊಡ್ಡ ಅಪರಾಧಗಳದ್ದು. ‘ಪಿಸಿಆರ್’ ಖಾಸಗಿ ದೂರು. ‘ಕ್ರಿಮಿನಲ್ ಮಿಸಲೇನಿಯಸ್’ ಸಾಮಾನ್ಯವಾಗಿ ಜಾಮೀನು ಅರ್ಜಿ. ಚಾರ್ಜ್‌ಶೀಟ್ ಇನ್ನೂ ಹಾಕದಿದ್ದರೆ ಸಿಸಿ ನಂಬರೇ ಇರುವುದಿಲ್ಲ. ಆಗ ಸುಳಿವು ಸಿಗುವುದು ಈ ಜಾಮೀನು ಅರ್ಜಿಯಲ್ಲಿ. ಅಲ್ಲಿ ಆರೋಪಿಯೇ ಅರ್ಜಿದಾರ, ಅವನ ಹೆಸರು ಮೊದಲು ಬರುತ್ತದೆ.

ಸಿಸಿ ಎಂದು ಕಂಡ ಕೂಡಲೇ ಗಾಬರಿ ಬೇಡ. ಎದುರು ಬದಿಯಲ್ಲಿ ಯಾರಿದ್ದಾರೆ ನೋಡಿ. ‘ಸ್ಟೇಟ್ ಬೈ’ ಎಂದು ಶುರುವಾಗಿ ಪೊಲೀಸ್ ಠಾಣೆಯ ಹೆಸರಿದ್ದರೆ ಅದು ಪೊಲೀಸ್ ಕೇಸು. ಅಲ್ಲಿ ಯಾವುದೋ ಬ್ಯಾಂಕು, ಫೈನಾನ್ಸು ಅಥವಾ ಇನ್ನೊಬ್ಬ ಮನುಷ್ಯನ ಹೆಸರಿದ್ದರೆ ಹೆಚ್ಚಿನ ಸಲ ಚೆಕ್ ಬೌನ್ಸ್ ಕೇಸು, ಅಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್. ನೀವು ಹುಡುಕುತ್ತಿರುವ ಮನುಷ್ಯ ಕೇಸು ಹಾಕಿದವನೋ, ಹಾಕಿಸಿಕೊಂಡವನೋ ಅದನ್ನೂ ನೋಡಿ. ದೂರುದಾರನನ್ನೇ ಆರೋಪಿ ಅಂದುಕೊಂಡವರಿದ್ದಾರೆ!

‘ವ್ಯೂ’ ಒತ್ತಿದರೆ ಸೆಕ್ಷನ್, ಠಾಣೆ, ಎಫ್‌ಐಆರ್ ನಂಬರ್, ಮುಂದಿನ ದಿನಾಂಕ, ಹಿಂದಿನ ದಿನಗಳಲ್ಲಿ ಏನಾಯಿತು ಎಲ್ಲ ತೆರೆದುಕೊಳ್ಳುತ್ತದೆ. ಪಟ್ಟಿಯಲ್ಲಿ ‘ಮತ್ತು ಇತರರು’ ಎಂದಿದ್ದರೆ ಉಳಿದವರ ಹೆಸರೂ ಇಲ್ಲಿರುತ್ತದೆ. ಸೆಕ್ಷನ್ ಓದುವಾಗ ಒಂದು ವಿಷಯ ನೆನಪಿರಲಿ. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂದಿದೆ. ಅದಕ್ಕಿಂತ ಹಿಂದೆ ನಡೆದ ಅಪರಾಧಕ್ಕೆ ಹಳೆಯ ಸೆಕ್ಷನ್ನೇ ನಡೆಯುತ್ತದೆ. ಎಲ್ಲರಿಗೂ ಬಾಯಿಪಾಠವಾಗಿರುವ, ವಂಚನೆಯ 420 ಹೊಸ ಕೇಸುಗಳಲ್ಲಿ 318(4) ಆಗಿರುತ್ತದೆ.

ಇನ್ನು ‘ಡಿಸ್ಪೋಸ್ಡ್’. ಇದನ್ನು ನೋಡಿ ಕೆಲವರು ‘ಬಿಡುಗಡೆ ಆಯ್ತು’ ಅನ್ನುತ್ತಾರೆ, ಕೆಲವರು ‘ಶಿಕ್ಷೆ ಆಯ್ತು’ ಅನ್ನುತ್ತಾರೆ. ಎರಡೂ ಅಲ್ಲ. ಆ ಕೋರ್ಟಿನ ಲೆಕ್ಕದಲ್ಲಿ ಫೈಲು ಮುಗಿದಿದೆ, ಅಷ್ಟೇ. ಹೇಗೆ ಮುಗಿಯಿತು ಎಂಬುದನ್ನು ‘ನೇಚರ್ ಆಫ್ ಡಿಸ್ಪೋಸಲ್’ ಎಂಬ ಸಾಲಿನಲ್ಲಿ ಓದಬೇಕು. ಖುಲಾಸೆ ಆಗಿರಬಹುದು, ಶಿಕ್ಷೆ ಆಗಿರಬಹುದು, ರಾಜಿ ಆಗಿರಬಹುದು, ತಪ್ಪೊಪ್ಪಿಕೊಂಡು ದಂಡ ಕಟ್ಟಿರಬಹುದು, ಆರೋಪಿಯೇ ತೀರಿಕೊಂಡಿರಬಹುದು. ಎಲ್ಲಕ್ಕಿಂತ ಮೋಸ ಮಾಡುವುದು ‘ಕಮಿಟೆಡ್’. ಕೊಲೆ ಕೇಸು ಮೊದಲು ಮ್ಯಾಜಿಸ್ಟ್ರೇಟ್ ಹತ್ತಿರ ಬಂದು, ಅಲ್ಲಿಂದ ಸೆಷನ್ಸ್ ಕೋರ್ಟಿಗೆ ಹೋಗುತ್ತದೆ. ಹೋದ ಕೂಡಲೇ ಕೆಳಗಿನ ಕೋರ್ಟಿನಲ್ಲಿ ಮುಗಿದಂತೆ ಕಾಣುತ್ತದೆ. ಅಸಲಿ ವಿಚಾರಣೆ ಬೇರೆ ನಂಬರಿನಲ್ಲಿ, ಕೆಲವು ಸಲ ಬೇರೆ ಕಾಂಪ್ಲೆಕ್ಸಿನಲ್ಲಿ ನಡೆಯುತ್ತಿರುತ್ತದೆ. ಒಬ್ಬ ಆರೋಪಿ ತಲೆಮರೆಸಿಕೊಂಡರೆ ಅವನ ಪಾಲಿನ ಕೇಸನ್ನು ‘ಸ್ಪ್ಲಿಟ್ ಅಪ್’ ಮಾಡಿ ಹೊಸ ನಂಬರ್ ಕೊಡುವುದೂ ಇದೆ. ಉಳಿದವರೆಲ್ಲ ಖುಲಾಸೆಯಾದರೂ ಅವನ ಕೇಸು ಹಾಗೇ ಇರುತ್ತದೆ. ಹೈಕೋರ್ಟಿಗೆ ಹೋಗಿ ಕೇಸನ್ನೇ ರದ್ದು ಮಾಡಿಸಿಕೊಂಡಿರುವ ಸಾಧ್ಯತೆಯೂ ಇದೆ. ಅದಕ್ಕೆ ಕರ್ನಾಟಕ ಹೈಕೋರ್ಟಿನ ಕೇಸ್ ಸ್ಟೇಟಸ್ ಬೇರೆಯಾಗಿಯೇ ನೋಡಬೇಕು.

ಇವನೇ ಅವನಾ? ಇದಕ್ಕೆ ಹೆಸರು ಸಾಕ್ಷಿಯಲ್ಲ. ತಂದೆಯ ಹೆಸರು, ವಯಸ್ಸು, ಊರು ಮೂರೂ ಕೂಡಬೇಕು. ಮುಗಿದ ಕೇಸಾದರೆ ಸಾಮಾನ್ಯವಾಗಿ ಅದೇ ಪುಟದ ಕೆಳಗೆ ತೀರ್ಪಿನ ಪಿಡಿಎಫ್ ಇರುತ್ತದೆ. ಅದರ ಮೊದಲ ಪುಟದಲ್ಲಿ ಆರೋಪಿಯ ಹೆಸರು, ‘ಬಿನ್’ ಎಂದು ತಂದೆಯ ಹೆಸರು, ವಯಸ್ಸು, ವಾಸದ ಊರು ಸಾಲಾಗಿ ಬರೆದಿರುತ್ತಾರೆ. ವಯಸ್ಸು ಆಗಿನದ್ದು, ಕೂಡಿಸಿ ಲೆಕ್ಕ ಹಾಕಿ. ಕೇಸು ನಡೆಯುತ್ತಿದ್ದರೆ ಠಾಣೆ ಮತ್ತು ಎಫ್‌ಐಆರ್ ನಂಬರ್ ಬರೆದುಕೊಂಡು ಕರ್ನಾಟಕ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ತೆಗೆಯಿರಿ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳಿಗೆ ಮಾತ್ರ ವಿನಾಯಿತಿ. ಅವನ್ನು ಹುಡುಕುತ್ತಾ ಕೂರಬೇಡಿ. ಎಫ್‌ಐಆರ್‌ನಲ್ಲಿ ಆರೋಪಿ ‘ಅಪರಿಚಿತ’ ಎಂದಿದ್ದರೆ ನಿಮ್ಮ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಮೊದಲೇ ಎಫ್‌ಐಆರ್ ನಂಬರ್ ಗೊತ್ತಿದ್ದರೆ ಮೇಲಿನ ಸರ್ಕಸ್ ಎಷ್ಟೋ ಉಳಿಯುತ್ತದೆ. ಇ-ಕೋರ್ಟ್ಸ್‌ನಲ್ಲಿ ‘ಎಫ್‌ಐಆರ್ ನಂಬರ್’ ಆಯ್ಕೆಗೆ ಹೋಗಿ ಠಾಣೆ, ನಂಬರ್, ವರ್ಷ ಕೊಟ್ಟರೆ ಆಯಿತು. ಇಲ್ಲಿ ಮಾತ್ರ ವರ್ಷ ಎಫ್‌ಐಆರ್‌ನದ್ದು.

ತೀರ್ಪು ಆನ್‌ಲೈನಿನಲ್ಲಿ ಇಲ್ಲದಿದ್ದರೆ, ಅದರಲ್ಲೂ 1990ರ ದಶಕದ ಕೇಸಾದರೆ, ಕೋರ್ಟಿಗೇ ಹೋಗಿ ನಕಲು ಅರ್ಜಿ ಹಾಕಬೇಕು. ನೀವು ಕೇಸಿಗೆ ಸಂಬಂಧವಿಲ್ಲದವರಾದರೆ ಯಾಕೆ ಬೇಕು ಎಂದು ಕಾರಣ ಹೇಳಿ ಅನುಮತಿ ಪಡೆಯಬೇಕಾಗುತ್ತದೆ. ಸ್ಥಳೀಯ ವಕೀಲರೊಬ್ಬರ ಮೂಲಕ ಹಾಕಿಸಿ, ಸುಮ್ನೆ ಕೌಂಟರಿಂದ ಕೌಂಟರಿಗೆ ಅಲೆಯಬೇಡಿ. ಆರ್‌ಟಿಐ ಹಾಕಿದರೆ ಪೊಲೀಸರು ಎಲ್ಲ ಕೊಡುತ್ತಾರೆ ಎಂದು ಹೇಳುವವರನ್ನು ನಂಬಬೇಡಿ. ತನಿಖೆಗೆ ಅಡ್ಡಿ, ಬೇರೆಯವರ ಖಾಸಗಿ ಮಾಹಿತಿ ಎಂಬ ಕಾರಣ ಕೊಟ್ಟು ನಿರಾಕರಿಸಲು ಆ ಕಾಯ್ದೆಯ 8ನೇ ಸೆಕ್ಷನ್ನಿನಲ್ಲೇ ಅವಕಾಶವಿದೆ.

ಕೆಲಸಕ್ಕೆ ಆಳು ಇಟ್ಟುಕೊಳ್ಳುವುದಾದರೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ. ರಾಜ್ಯ ಸರ್ಕಾರದ ಸೇವಾ ಸಿಂಧು ತಾಣದ ಮೂಲಕ ಪೊಲೀಸ್ ವೆರಿಫಿಕೇಷನ್ ಸರ್ಟಿಫಿಕೇಟ್ ತರಲು ಅವರಿಗೇ ಹೇಳಿ. ಚುನಾವಣೆಗೆ ನಿಂತವರದ್ದಂತೂ ಇನ್ನೂ ಸುಲಭ. ಅವರು ಫಾರಂ 26ರಲ್ಲಿ ತಮ್ಮ ಕೇಸುಗಳನ್ನು ತಾವೇ ಬರೆದುಕೊಡಬೇಕು, ಚುನಾವಣಾ ಆಯೋಗದ ತಾಣದಲ್ಲಿ ಆ ಅಫಿಡವಿಟ್ ಸಿಗುತ್ತದೆ.

ಸಿಕ್ಕಿದ್ದನ್ನು ಸ್ಕ್ರೀನ್‌ಶಾಟ್ ಹೊಡೆದು ಬಡಾವಣೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಮನುಷ್ಯ ಬೇರೆಯಾಗಿದ್ದರೆ ಮಾನನಷ್ಟದ ಕೇಸಿನಲ್ಲಿ ನಿಮ್ಮ ಹೆಸರೇ ಇದೇ ತಾಣದಲ್ಲಿ ಬರುತ್ತದೆ. ಅದರ ಬದಲು ಕೇಸಿನ ಪುಟದಲ್ಲಿರುವ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಜಿಲ್ಲೆ, ಕಾಂಪ್ಲೆಕ್ಸ್, ವರ್ಷ ಯಾವುದೂ ಬೇಡ, ಅದೊಂದು ಹಾಕಿದರೆ ಸೀದಾ ಕೇಸೇ ತೆರೆಯುತ್ತದೆ. ಆ್ಯಪ್‌ನಲ್ಲಾದರೆ ‘ಮೈ ಕೇಸಸ್’ಗೆ ಸೇರಿಸಿಟ್ಟರೆ ಮುಂದಿನ ದಿನಾಂಕ ನೋಡುವುದು ಸುಲಭ. ಫೋನ್ ಬದಲಿಸುವ ಮುಂಚೆ ಆ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ, ಹೊಸ ಫೋನಿಗೆ ಅದು ತಾನಾಗಿ ಬರುವುದಿಲ್ಲ.