ಎಫ್‌ಪಿಎಸ್ 60 ಇದ್ದರೂ ಗೇಮ್ ಮುಗ್ಗರಿಸುವುದೇಕೆ? ಫ್ರೇಮ್ ರೇಟ್ ಅಳೆದು ಅರ್ಥ ಮಾಡಿಕೊಳ್ಳುವ ಬಗೆ

ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ, ಅಂದರೆ ಫ್ರೇಮ್‌ಗಳ ಸಂಖ್ಯೆ) 60 ಎಂದು ತೋರಿಸುತ್ತಲೇ ಇರುತ್ತದೆ. ಆದರೆ ತಿರುವಿನಲ್ಲಿ ಕಾರು ಒಂದು ಕ್ಷಣ ಕಚ್ಚಿಕೊಂಡು ನಿಂತು, ಆಮೇಲೆ ಥಟ್ಟನೆ ಮುಂದೆ ಹಾರುತ್ತದೆ. ಇದು ಹೇಗೆ ಸಾಧ್ಯ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು.

ಒಂದು ಸೆಕೆಂಡ್ ಎಂದರೆ 1000 ಮಿಲಿಸೆಕೆಂಡ್. 59 ಫ್ರೇಮ್‌ಗಳು ತಲಾ 15 ಮಿಲಿಸೆಕೆಂಡಿನಲ್ಲಿ ಬಂದವು ಎಂದುಕೊಳ್ಳಿ, 885 ಮಿಲಿಸೆಕೆಂಡ್ ಆಯಿತು. ಉಳಿದ 115 ಮಿಲಿಸೆಕೆಂಡನ್ನು ಕೊನೆಯ ಒಂದೇ ಫ್ರೇಮ್ ನುಂಗಿತು. ಒಟ್ಟು 60 ಫ್ರೇಮ್, ಹಾಗಾಗಿ ಕೌಂಟರ್ ತೋರಿಸುವುದು 60. ಆದರೆ ಸುಮಾರು ಏಳು ಫ್ರೇಮ್ ಬರಬೇಕಾದ ಹೊತ್ತು ನಿಮ್ಮ ಕಣ್ಣ ಮುಂದೆ ಒಂದೇ ಚಿತ್ರ ನಿಂತಿತ್ತು. ಸೆಕೆಂಡಿನ ಸರಾಸರಿ ಇದನ್ನು ಮುಚ್ಚಿಬಿಡುತ್ತದೆ. 2011ರಲ್ಲಿ ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಎಫ್‌ಪಿಎಸ್ ಬದಲು ಒಂದೊಂದು ಫ್ರೇಮಿನ ಸಮಯದಿಂದ ಅಳೆದು ತೋರಿಸಿದ ಮೇಲೆ ವಿಮರ್ಶಕರ ಅಳತೆಯ ಕ್ರಮವೇ ಬದಲಾಯಿತು. ಮನೆಯಲ್ಲಿ ಆಡುವವರೂ ಅದೇ ಕ್ರಮ ಹಿಡಿಯಬಹುದು, ಬೇಕಾದ ತಂತ್ರಾಂಶವೆಲ್ಲ ಉಚಿತ.

ನೆನಪಿಡಬೇಕಾದ ಅಂಕಿಗಳು ಇಷ್ಟೇ: 30 ಎಫ್‌ಪಿಎಸ್‌ಗೆ ಫ್ರೇಮ್ ಟೈಮ್ (ಒಂದು ಫ್ರೇಮಿಗೆ ಹಿಡಿಯುವ ಸಮಯ) 33.3 ಮಿಲಿಸೆಕೆಂಡ್, 60ಕ್ಕೆ 16.7, 120ಕ್ಕೆ 8.3, 144ಕ್ಕೆ 6.9. ಫ್ರೇಮ್ ಟೈಮ್ ಗೆರೆ ನೇರವಾಗಿದ್ದರೆ ಆಟ ನಯವಾಗಿ ಸಾಗುತ್ತದೆ. ಗೆರೆಯಲ್ಲಿ ಮುಳ್ಳುಗಳೆದ್ದರೆ ಎಫ್‌ಪಿಎಸ್ ಎಷ್ಟೇ ಇರಲಿ, ಕೈಗೆ ಅದು ಗೊತ್ತಾಗುತ್ತದೆ.

ಬರೀ ಸಂಖ್ಯೆ ಸಾಕಾದರೆ

ಹೊಸದೇನೂ ಇನ್‌ಸ್ಟಾಲ್ ಮಾಡದೆ ಎಫ್‌ಪಿಎಸ್ ನೋಡಲು ನಾಲ್ಕು ದಾರಿಗಳಿವೆ. ಸ್ಟೀಮ್‌ನಲ್ಲಿ ಸೆಟ್ಟಿಂಗ್ಸ್ ತೆರೆದರೆ ಪರ್ಫಾರ್ಮೆನ್ಸ್ ಮಾನಿಟರ್ ಸಿಗುತ್ತದೆ. ಹಿಂದೆ ಅಲ್ಲಿ ಒಂದೇ ಸಂಖ್ಯೆ ಬರುತ್ತಿತ್ತು, 2025ರ ಪರಿಷ್ಕರಣೆಯ ಬಳಿಕ ಸಿಪಿಯು (ಪ್ರೊಸೆಸರ್), ಜಿಪಿಯು (ಗ್ರಾಫಿಕ್ಸ್ ಚಿಪ್), ರ‍್ಯಾಮ್ ವಿವರವೂ ಬರುತ್ತದೆ. ಎನ್ವಿಡಿಯಾ ಕಾರ್ಡ್ ಇದ್ದು ಎನ್ವಿಡಿಯಾ ಆ್ಯಪ್ ಹಾಕಿಕೊಂಡಿದ್ದರೆ ಆಲ್ಟ್ ಮತ್ತು ಝಡ್ ಒತ್ತಿದಾಗ ಓವರ್‌ಲೇ (ಆಟದ ಮೇಲೆಯೇ ಕಾಣುವ ಪದರ) ತೆರೆಯುತ್ತದೆ, ಆಲ್ಟ್ ಮತ್ತು ಆರ್ ಒತ್ತಿದರೆ ಅಂಕಿಗಳು ಪರದೆಗೆ ಬರುತ್ತವೆ. ಎಎಂಡಿ ಅಡ್ರಿನಲಿನ್‌ನಲ್ಲಿ ಇದೇ ಕೆಲಸಕ್ಕೆ ಕಂಟ್ರೋಲ್, ಶಿಫ್ಟ್, ಓ.

ವಿಂಡೋಸ್‌ನ ಎಕ್ಸ್‌ಬಾಕ್ಸ್ ಗೇಮ್ ಬಾರ್ ನಾಲ್ಕನೆಯದು. ವಿಂಡೋಸ್ ಕೀ ಮತ್ತು ಜಿ ಒತ್ತಿ, ಪರ್ಫಾರ್ಮೆನ್ಸ್ ವಿಜೆಟ್ ತೆರೆಯಿರಿ. ಹಲವರು ಇಲ್ಲೇ ಕೈಬಿಡುತ್ತಾರೆ, ಏಕೆಂದರೆ ಎಫ್‌ಪಿಎಸ್ ಜಾಗ ಖಾಲಿ ಇರುತ್ತದೆ. ಅಲ್ಲಿ ಕೇಳುವ ಅನುಮತಿಯನ್ನು ಒಮ್ಮೆ ಕೊಟ್ಟು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದ ಮೇಲಷ್ಟೇ ಸಂಖ್ಯೆ ಬರುತ್ತದೆ.

ಕೆಲವು ಗೇಮ್‌ಗಳು ತಾವೇ ತೋರಿಸುತ್ತವೆ. ಮೈನ್‌ಕ್ರಾಫ್ಟ್ ಜಾವಾದಲ್ಲಿ ಎಫ್3. ವ್ಯಾಲೊರಂಟ್‌ನಲ್ಲಿ ವಿಡಿಯೋ ಸೆಟ್ಟಿಂಗ್ಸ್ ಒಳಗಿನ ಸ್ಟ್ಯಾಟ್ಸ್ ಪುಟ. ಕೌಂಟರ್-ಸ್ಟ್ರೈಕ್ 2ರಲ್ಲಿ ಗೇಮ್ ಸೆಟ್ಟಿಂಗ್ಸ್‌ನ ಟೆಲಿಮೆಟ್ರಿ ವಿಭಾಗ. ಆಂಟಿ-ಚೀಟ್ (ಮೋಸದಾಟ ತಡೆಯುವ ವ್ಯವಸ್ಥೆ) ಕಟ್ಟುನಿಟ್ಟಾಗಿರುವ ಗೇಮ್‌ಗಳಲ್ಲಿ ಹೊರಗಿನ ಓವರ್‌ಲೇ ಬದಲು ಈ ಒಳ ಅಳತೆಯನ್ನೇ ನೆಚ್ಚಿಕೊಳ್ಳಿ. ಹಳೆಯ ವಿಡಿಯೋಗಳು ಹೇಳುವ ಫ್ರಾಪ್ಸ್ ಎಂಬ ತಂತ್ರಾಂಶ ಬೇಡ: ಅದು 2013ರ ಬಳಿಕ ಪರಿಷ್ಕರಣೆ ಕಂಡಿಲ್ಲ, ಡೈರೆಕ್ಟ್‌ಎಕ್ಸ್ 12 (ವಿಂಡೋಸ್‌ನ ಗ್ರಾಫಿಕ್ಸ್ ವ್ಯವಸ್ಥೆ) ಬಳಸುವ ಗೇಮ್‌ಗಳಲ್ಲಿ ಕೆಲಸ ಮಾಡುವುದಿಲ್ಲ.

ಕಾರಣ ಹುಡುಕಬೇಕಾದರೆ: ಆಫ್ಟರ್‌ಬರ್ನರ್ ಮತ್ತು ರಿವಾಟ್ಯೂನರ್

ಗ್ರಾಫಿಕ್ಸ್ ಕಾರ್ಡಿನ ಮೇಲೆ ಕಣ್ಣಿಡುವ ತಂತ್ರಾಂಶ ಎಂಎಸ್‌ಐ ಆಫ್ಟರ್‌ಬರ್ನರ್. ಅದು ಯಾವ ಕಂಪನಿಯ ಕಾರ್ಡ್ ಇದ್ದರೂ ನಡೆಯುತ್ತದೆ. ಇದನ್ನು ಎಂಎಸ್‌ಐನ ಸ್ವಂತ ತಾಣದಿಂದ ಅಥವಾ ಗುರು3ಡಿ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಇದರ ಹೆಸರಿನಲ್ಲಿ ನಕಲಿ ತಾಣಗಳು ಮಾಲ್‌ವೇರ್ ಹಂಚಿದ್ದುಂಟು, ಸರ್ಚ್‌ನಲ್ಲಿ ಮೇಲೆ ಬಂದ ಜಾಹೀರಾತಿನ ಲಿಂಕನ್ನು ನಂಬಬೇಡಿ. ಇನ್‌ಸ್ಟಾಲ್ ಆಗುವಾಗ ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್ ಬೇಕೇ ಎಂದು ಕೇಳುತ್ತದೆ. ಪರದೆಯ ಮೇಲೆ ಅಂಕಿ ಬರೆಯುವುದು ಅದೇ, ಆದ್ದರಿಂದ ಬೇಕು ಎನ್ನಿ.

ಆಮೇಲೆ ಹೀಗೆ ಮಾಡಿ:

1. ಹಲ್ಲುಚಕ್ರದ ಗುರುತನ್ನು ಒತ್ತಿ, ಮಾನಿಟರಿಂಗ್ ಟ್ಯಾಬಿಗೆ ಹೋಗಿ.
2. ಪಟ್ಟಿಯಲ್ಲಿ ಜಿಪಿಯು ಟೆಂಪರೇಚರ್, ಜಿಪಿಯು ಯೂಸೇಜ್, ಮೆಮೊರಿ ಯೂಸೇಜ್, ಕೋರ್ ಕ್ಲಾಕ್, ಸಿಪಿಯು ಟೆಂಪರೇಚರ್, ಸಿಪಿಯು ಕ್ಲಾಕ್, ರ‍್ಯಾಮ್ ಯೂಸೇಜ್, ಫ್ರೇಮ್‌ರೇಟ್, ಫ್ರೇಮ್‌ಟೈಮ್ ಇಷ್ಟನ್ನು ಆರಿಸಿ. ಇನ್ನೂ ಹೆಚ್ಚಾದರೆ ಆಡುವಾಗ ಯಾವುದನ್ನೂ ಓದಲಾಗುವುದಿಲ್ಲ.
3. ಒಂದೊಂದು ಸಾಲಿನ ಮೇಲೂ ಕ್ಲಿಕ್ ಮಾಡಿ, ಕೆಳಗಿರುವ ‘ಶೋ ಇನ್ ಆನ್-ಸ್ಕ್ರೀನ್ ಡಿಸ್‌ಪ್ಲೇ’ಗೆ ಟಿಕ್ ಹಾಕಿ. ಬರೀ ಎಡಗಡೆಯ ಟಿಕ್ ಹಾಕಿದರೆ ಆ ಅಂಕಿ ಆಫ್ಟರ್‌ಬರ್ನರ್‌ನ ಕಿಟಕಿಯಲ್ಲಷ್ಟೇ ಉಳಿಯುತ್ತದೆ. ಬಹಳ ಜನ ತಪ್ಪುವುದು ಇಲ್ಲೇ.
4. ಫ್ರೇಮ್‌ಟೈಮ್ ಸಾಲಿಗೆ ಮಾತ್ರ ‘ಟೆಕ್ಸ್ಟ್’ ಬದಲು ‘ಗ್ರಾಫ್’ ಆರಿಸಿ. ಈ ಇಡೀ ಸಿದ್ಧತೆಯಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇನ್ನೊಂದಿಲ್ಲ.
5. ಆನ್-ಸ್ಕ್ರೀನ್ ಡಿಸ್‌ಪ್ಲೇ ಟ್ಯಾಬಿನಲ್ಲಿ ತೋರಿಸಲು, ಮರೆಮಾಡಲು ಒಂದು ಹಾಟ್‌ಕೀ ಕೊಟ್ಟು, ಅಪ್ಲೈ ಒತ್ತಿ.

ಅಳೆಯುವ ಅಂತರ ಮೊದಲಿಗೇ 1000 ಮಿಲಿಸೆಕೆಂಡಿಗೆ ಹೊಂದಿಸಿರುತ್ತದೆ. ಅದನ್ನು ಬೇಗ ಬೇಗ ಓದುವಂತೆ 100ಕ್ಕೆ ಇಳಿಸುವ ಆಸೆ ಬೇಡ. ಬಿಸಿ, ವಿದ್ಯುತ್ ಬಳಕೆಗಳನ್ನು ಕಾರ್ಡಿನಿಂದ ಪದೇ ಪದೇ ಕೇಳುವುದರಿಂದಲೇ ಕೆಲವು ಕಂಪ್ಯೂಟರ್‌ಗಳಲ್ಲಿ ಆಟ ತಡವರಿಸುತ್ತದೆ. ಗೆರೆಯಲ್ಲಿ ಸರಿಯಾಗಿ ಸೆಕೆಂಡಿಗೊಂದು ಮುಳ್ಳು ಏಳುತ್ತಿದ್ದರೆ ಮೊದಲು ಅಳೆಯುವ ತಂತ್ರಾಂಶವನ್ನೇ ಅನುಮಾನಿಸಿ: ಫ್ರೇಮ್‌ಟೈಮ್ ಒಂದನ್ನು ಉಳಿಸಿ ಬಾಕಿ ಎಲ್ಲ ತೆಗೆದು ನೋಡಿ.

ಗೇಮ್ ತೆರೆದ ಮೇಲೂ ಏನೂ ಕಾಣದಿದ್ದರೆ ಟಾಸ್ಕ್‌ಬಾರಿನ ಬಲ ತುದಿಯಲ್ಲಿ ರಿವಾಟ್ಯೂನರ್ ಓಡುತ್ತಿದೆಯೇ ನೋಡಿ. ಅದರಲ್ಲಿ ಆ್ಯಪ್ಲಿಕೇಶನ್ ಡಿಟೆಕ್ಷನ್ ಲೆವೆಲ್ ಅನ್ನು ‘ಹೈ’ ಮಾಡಿ ಗೇಮನ್ನು ಮತ್ತೆ ತೆರೆಯಿರಿ. ಡಿಸ್ಕಾರ್ಡ್, ಸ್ಟೀಮ್, ಎನ್ವಿಡಿಯಾ ಓವರ್‌ಲೇಗಳು ಒಟ್ಟಿಗೇ ಓಡುತ್ತಿದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ. ಒಂದನ್ನಿಟ್ಟು ಉಳಿದವನ್ನು ನಿಲ್ಲಿಸಿ.

ದಾಖಲಿಸಿಕೊಂಡು ಹೋಲಿಸುವುದು

ಸೆಟ್ಟಿಂಗ್ಸ್ ಬದಲಿಸಿದ ಮೇಲೆ ‘ಸ್ವಲ್ಪ ಚೆನ್ನಾಗಾಯ್ತು ಅನ್ನಿಸುತ್ತೆ’ ಎಂಬ ಮಾತಿಗೆ ಬೆಲೆಯಿಲ್ಲ. ಆಫ್ಟರ್‌ಬರ್ನರ್‌ನ ಬೆಂಚ್‌ಮಾರ್ಕ್ ಟ್ಯಾಬಿನಲ್ಲಿ ಶುರು ಮಾಡಲು ಒಂದು, ನಿಲ್ಲಿಸಲು ಒಂದು ಹಾಟ್‌ಕೀ ಕೊಡಿ. ನಿಲ್ಲಿಸಿದ ಕೂಡಲೇ ಸರಾಸರಿ, ಕನಿಷ್ಠ, ಗರಿಷ್ಠ, 1% ಲೋ, 0.1% ಲೋ ಒಂದು ಟೆಕ್ಸ್ಟ್ ಫೈಲಿಗೆ ಸೇರುತ್ತವೆ. ಇನ್ನೂ ವಿವರ ಬೇಕೆಂದರೆ ಕ್ಯಾಪ್‌ಫ್ರೇಮ್‌ಎಕ್ಸ್ ಹಾಕಿಕೊಳ್ಳಿ. ಇಂಟೆಲ್‌ನ ಪ್ರೆಸೆಂಟ್‌ಮಾನ್ ಆಧಾರದ ಮೇಲೆ ನಡೆಯುವ ಇದು ವಿಂಡೋಸ್ ಒದಗಿಸುವ ಮಾಹಿತಿಯಿಂದಲೇ ಫ್ರೇಮ್ ಸಮಯ ಲೆಕ್ಕ ಹಾಕುತ್ತದೆ, ಇಡೀ ಓಟದ ಗೆರೆಯನ್ನು ಉಳಿಸಿಡುತ್ತದೆ. ಎರಡು ಓಟಗಳನ್ನು ಒಂದರ ಮೇಲೊಂದು ಇಟ್ಟು ನೋಡಬಹುದು.

1% ಲೋ ಎಂದರೇನು? 100 ಎಫ್‌ಪಿಎಸ್‌ನಲ್ಲಿ 60 ಸೆಕೆಂಡ್ ಆಡಿದರೆ 6000 ಫ್ರೇಮ್ ಆಗುತ್ತದೆ. ಅವುಗಳಲ್ಲಿ ಅತಿ ನಿಧಾನವಾದ 60 ಫ್ರೇಮ್‌ಗಳ ವೇಗ ಅದು. ಕೆಲವು ತಂತ್ರಾಂಶಗಳು ಆ 60ರ ಸರಾಸರಿ ತೆಗೆಯುತ್ತವೆ, ಕೆಲವು ಆ ಗಡಿಯಲ್ಲಿರುವ ಫ್ರೇಮಿನ ವೇಗವನ್ನೇ ಕೊಡುತ್ತವೆ. ಹಾಗಾಗಿ ಒಂದು ತಂತ್ರಾಂಶದ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸಬಾರದು. 0.1% ಲೋ ಇನ್ನೂ ನಾಜೂಕು: ಅದೇ ವೇಗದಲ್ಲಿ 20 ಸೆಕೆಂಡಿನ ಓಟವಾದರೆ ಅದು ಬರೀ ಎರಡು ಫ್ರೇಮ್‌ಗಳ ಕಥೆ. ಅದನ್ನು ನಂಬಬೇಕಾದರೆ ಹಲವು ನಿಮಿಷ ದಾಖಲಿಸಬೇಕು.

ಓಟಗಳು ಹೋಲಿಕೆಗೆ ಯೋಗ್ಯವಾಗಬೇಕಾದರೆ ಅದೇ ಸೇವ್, ಅದೇ ದಾರಿ, 60 ಸೆಕೆಂಡ್, ಮೂರು ಸಲ. ಮೊದಲ ಓಟವನ್ನು ಎಸೆದುಬಿಡಿ. ಹೊಸ ದೃಶ್ಯ ಬಂದಾಗ ಶೇಡರ್‌ಗಳು (ಬೆಳಕು, ಬಣ್ಣ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂಗಳು) ಆಗಷ್ಟೇ ತಯಾರಾಗುತ್ತಿರುತ್ತವೆ, ಡೈರೆಕ್ಟ್‌ಎಕ್ಸ್ 12 ಗೇಮ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಡ್ರೈವರ್ ಬದಲಿಸಿದಾಗಲೂ ಶೇಡರ್‌ಗಳು ಮತ್ತೆ ತಯಾರಾಗಬೇಕು, ಆದ್ದರಿಂದ ಹೊಸ ಡ್ರೈವರ್ ಹಾಕಿದ ದಿನವೇ ಅದನ್ನು ಬೈಯಬೇಡಿ. ವಿ-ಸಿಂಕ್ (ಮಾನಿಟರಿನ ವೇಗಕ್ಕೆ ಫ್ರೇಮ್‌ಗಳನ್ನು ಹೊಂದಿಸುವುದು), ಫ್ರೇಮ್ ಮಿತಿ, ಫ್ರೇಮ್ ಜನರೇಷನ್ (ನಡುನಡುವೆ ಕೃತಕ ಫ್ರೇಮ್ ಸೇರಿಸುವುದು) ಮೂರನ್ನೂ ಅಳೆಯುವಾಗ ಆಫ್ ಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಲಿ, 15 ನಿಮಿಷ ಆಡಿ ಬಿಸಿಯಾದ ಮೇಲೆ ಅಳೆಯಿರಿ. ತಣ್ಣಗಿದ್ದಾಗಿನ ಮೊದಲ ಎರಡು ನಿಮಿಷದ ಅಂಕಿ ಲ್ಯಾಪ್‌ಟಾಪ್‌ನಲ್ಲಿ ಯಾವಾಗಲೂ ಚಂದವೇ. ಸೈಬರ್‌ಪಂಕ್ 2077, ಜಿಟಿಎ 5ರಂಥ ಗೇಮ್‌ಗಳೊಳಗೇ ಬೆಂಚ್‌ಮಾರ್ಕ್ ಇದೆ, ಅಲ್ಲಿ ದಾರಿಯ ಚಿಂತೆ ಇಲ್ಲ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ.

ಅಂಕಿಗಳು ಏನು ಹೇಳುತ್ತಿವೆ

ಮೊದಲು ನೋಡಬೇಕಾದ್ದು ಜಿಪಿಯು ಬಳಕೆ. 97ರಿಂದ 99% ಇದ್ದರೆ ಕಾರ್ಡ್ ತನ್ನ ಶಕ್ತಿಯನ್ನೆಲ್ಲ ಹಾಕಿ ದುಡಿಯುತ್ತಿದೆ, ಅದರಲ್ಲಿ ದೋಷವೇನಿಲ್ಲ. ಎಫ್‌ಪಿಎಸ್ ಹೆಚ್ಚಬೇಕಾದರೆ ನೆರಳು, ಪ್ರತಿಫಲನ, ಮಂಜು-ಮೋಡದ ಗುಣಮಟ್ಟ ಇಳಿಸಿ. ಇಲ್ಲವೇ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಪ್‌ಸ್ಕೇಲಿಂಗ್ (ಚಿತ್ರವನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ಬರೆದು ಹಿಗ್ಗಿಸುವುದು) ಹಾಕಿ.

ಜಿಪಿಯು 60-70%ನಲ್ಲೇ ನಿಂತಿದೆ, ಫ್ರೇಮ್ ಮಿತಿಯೂ ಇಲ್ಲ ಎಂದಾದರೆ ಅಡ್ಡಿ ಇರುವುದು ಹೆಚ್ಚಾಗಿ ಸಿಪಿಯುನಲ್ಲಿ. ಇಲ್ಲಿ ‘ನನ್ನ ಸಿಪಿಯು ಬಳಕೆ 35% ಮಾತ್ರ, ಅದು ಹೇಗೆ ಅಡ್ಡಿಯಾಗುತ್ತದೆ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. 8 ಕೋರ್, 16 ಥ್ರೆಡ್ (ಒಟ್ಟಿಗೇ ನಡೆಯಬಲ್ಲ ಕೆಲಸದ ಸಾಲುಗಳು) ಇರುವ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೂ ಒಟ್ಟು ಬಳಕೆಯಲ್ಲಿ ಅದು 6.25% ಅಷ್ಟೇ. ಗೇಮಿನ ಮುಖ್ಯ ಕೆಲಸ ಒಂದೆರಡು ಥ್ರೆಡ್‌ಗಳ ಮೇಲೆ ಬಿದ್ದಾಗ ಉಳಿದವು ಖಾಲಿ ಕೂತಿರುತ್ತವೆ. ಖಚಿತಪಡಿಸಿಕೊಳ್ಳಲು ರೆಸಲ್ಯೂಷನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ ನೋಡಿ. ಎಫ್‌ಪಿಎಸ್ ಏರದಿದ್ದರೆ ಸಿಪಿಯು ಅಡ್ಡಿ ಎಂಬುದು ತೀರ್ಮಾನವಾಯಿತು. ಆಗ ಜನಸಂದಣಿ, ದೂರದ ದೃಶ್ಯ, ರೇ ಟ್ರೇಸಿಂಗ್ ಇಳಿಸಬೇಕು. ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರು ಈ ಒಂದು ಪರೀಕ್ಷೆ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ.

ಸರಾಸರಿ ಚೆನ್ನಾಗಿದ್ದು 1% ಲೋ ಮಾತ್ರ ಕುಸಿದಿದ್ದರೆ ರ‍್ಯಾಮ್ ನೋಡಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎರಡು ಸ್ಲಾಟಿನಲ್ಲಿ ಒಂದೇ ತುಂಬಿದೆ ಎಂದಿದ್ದರೆ ರ‍್ಯಾಮ್ ಸಿಂಗಲ್ ಚಾನೆಲ್‌ನಲ್ಲಿದೆ, ಅಂದರೆ ಮಾಹಿತಿ ಒಂದೇ ದಾರಿಯಲ್ಲಿ ಓಡಾಡುತ್ತಿದೆ. ಅಗ್ಗದ ಲ್ಯಾಪ್‌ಟಾಪ್‌ಗಳು ಒಂದೇ 8 ಜಿಬಿ ಸ್ಟಿಕ್‌ನೊಂದಿಗೆ ಬರುವುದು ಸಾಮಾನ್ಯ. ಅದೇ ಬಗೆಯ ಇನ್ನೊಂದನ್ನು ಸೇರಿಸಿದರೆ ಈ ಮುಗ್ಗರಿಕೆ ಬಹುಪಾಲು ಇಳಿಯುತ್ತದೆ, ಪ್ರತ್ಯೇಕ ಕಾರ್ಡ್ ಇಲ್ಲದ ಕಂಪ್ಯೂಟರ್‌ಗಳಲ್ಲಿ ಸರಾಸರಿಯೂ ಏರುತ್ತದೆ. ಡೆಸ್ಕ್‌ಟಾಪ್ ಆದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಆಗಿದೆಯೇ ನೋಡಿ.

ಕ್ಯಾಮೆರಾ ತಿರುಗಿಸಿದಾಗ, ಹೊಸ ಜಾಗಕ್ಕೆ ಹೊಕ್ಕಾಗ ಮುಳ್ಳು ಏಳುತ್ತಿದ್ದು, ಗ್ರಾಫಿಕ್ಸ್ ಮೆಮೊರಿ ತುದಿ ಮುಟ್ಟಿದ್ದರೆ ಟೆಕ್ಸ್ಚರ್ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ. ಮೆಮೊರಿಯಲ್ಲಿ ಹಿಡಿಸದ ಟೆಕ್ಸ್ಚರ್‌ಗಳು ಸಿಸ್ಟಮ್ ರ‍್ಯಾಮಿಗೂ ಕಾರ್ಡಿಗೂ ನಡುವೆ ಓಡಾಡುವುದೇ ಆ ಮುಳ್ಳು.

ಬಿಸಿ ಏರಿ, ಅದರ ಹಿಂದೆಯೇ ಕ್ಲಾಕ್ ಇಳಿದು, ಎಫ್‌ಪಿಎಸ್ ಜಾರಿದರೆ ಅದು ಥರ್ಮಲ್ ಥ್ರಾಟ್ಲಿಂಗ್. ಹಲವು ಇಂಟೆಲ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ, ಹಲವು ರೈಜನ್‌ಗಳಿಗೆ 95 ಡಿಗ್ರಿ ಸೆಲ್ಸಿಯಸ್ ಮಿತಿ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್-ಮೇನಲ್ಲಿ ಹೊರಗೇ 40 ದಾಟಿರುತ್ತದೆ. ಡಿಸೆಂಬರ್‌ನಲ್ಲಿ ನೆಟ್ಟಗಿದ್ದ ಲ್ಯಾಪ್‌ಟಾಪ್ ಬೇಸಿಗೆಯಲ್ಲಿ ಸೋಲುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ದೂಳು ತೆಗೆಸಿ, ಹಿಂಭಾಗ ಎತ್ತರಿಸಿಡಿ, ಹಾಸಿಗೆಯ ಮೇಲಿಟ್ಟು ಆಡಬೇಡಿ.

ಎಫ್‌ಪಿಎಸ್ ಸರಿಯಾಗಿ 60ಕ್ಕೋ 30ಕ್ಕೋ ಅಂಟಿಕೊಂಡಿದ್ದರೆ ಎಲ್ಲೋ ಮಿತಿ ಹಾಕಿದೆ: ಗೇಮ್, ಡ್ರೈವರ್, ರಿವಾಟ್ಯೂನರ್ ಮೂರನ್ನೂ ನೋಡಿ. ಬ್ಯಾಟರಿಯಲ್ಲಿ ಆಡುವಾಗ ಕಾಣುವ 30 ಹೆಚ್ಚಾಗಿ ವಿದ್ಯುತ್ ಉಳಿಸುವ ಮಿತಿಯೇ. ಎಫ್‌ಪಿಎಸ್ 140 ಇದ್ದೂ ನಯವೆನಿಸದಿದ್ದರೆ ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಪುಟ ತೆರೆಯಿರಿ. 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲ) ಮಾನಿಟರ್ 60ರಲ್ಲೇ ಓಡುತ್ತಿರುವುದು ಅಪರೂಪವಲ್ಲ. ಹೊಸ ಡೆಸ್ಕ್‌ಟಾಪ್‌ನಲ್ಲಿ ಎಫ್‌ಪಿಎಸ್ ತೀರಾ ಕಡಿಮೆ ಬಂದರೆ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕಿದ್ದೀರಾ, ಮದರ್‌ಬೋರ್ಡಿಗೆ ಹಾಕಿದ್ದೀರಾ ನೋಡಿ.

ಫ್ರೇಮ್ ಜನರೇಷನ್ ಬಗ್ಗೆ ಎಚ್ಚರ ಬೇಕು. 40 ಎಫ್‌ಪಿಎಸ್ ಅನ್ನು ಅದು 80 ಎಂದು ತೋರಿಸುತ್ತದೆ. ಕಣ್ಣಿಗೆ ಚಲನೆ ನಯವಾಗುವುದೂ ನಿಜ. ಆದರೆ ನಿಮ್ಮ ಮೌಸ್ ಚಲನೆಗೆ ಉತ್ತರಿಸುವುದು ಅಸಲಿ ಫ್ರೇಮ್‌ಗಳು ಮಾತ್ರ, ಕೈಗೆ ಸಿಗುವ ಸ್ಪಂದನ 40ರದ್ದು ಅಥವಾ ಅದಕ್ಕಿಂತ ತುಸು ಕಡಿಮೆ. ಸ್ಟೀಮ್‌ನ ಹೊಸ ಮಾನಿಟರ್ ಅಸಲಿ ಫ್ರೇಮ್‌ಗಳನ್ನೂ ಸೃಷ್ಟಿಸಿದ ಫ್ರೇಮ್‌ಗಳನ್ನೂ ಬೇರೆಬೇರೆ ತೋರಿಸುತ್ತದೆ, ಇಂಥ ಗೇಮ್‌ಗಳಿಗೆ ಅದನ್ನೇ ಬಳಸಿ.

ಮಿತಿ ಹಾಕುವುದು

ಅಳತೆ ಮುಗಿದ ಮೇಲೆ ಆ ಅಂಕಿಗಳಿಂದ ಆಗಬೇಕಾದ ಕೆಲಸ ಇದು. ಸರಾಸರಿ 90, 1% ಲೋ 62 ಬಂದಿದೆ ಎನ್ನಿ. 60 ಹರ್ಟ್ಜ್ ಮಾನಿಟರ್ ಇದ್ದರೆ ರಿವಾಟ್ಯೂನರ್‌ನ ‘ಫ್ರೇಮ್‌ರೇಟ್ ಲಿಮಿಟ್’ನಲ್ಲಿ 60 ಬರೆಯಿರಿ. ಎಡಗಡೆ ಆ ಗೇಮಿನ ಹೆಸರನ್ನೇ ಆರಿಸಿ ಬರೆದರೆ ಬೇರೆ ಗೇಮ್‌ಗಳಿಗೆ ತಾಗುವುದಿಲ್ಲ. ಮೇಲೆ ಕೆಳಗೆ ಕುಣಿಯುತ್ತಿದ್ದ ಫ್ರೇಮ್ ಟೈಮ್ ಗೆರೆ 16.7 ಮಿಲಿಸೆಕೆಂಡಿನ ಮೇಲೆ ಬಹುತೇಕ ನೇರವಾಗಿ ನಿಲ್ಲುತ್ತದೆ, ಕಾರ್ಡಿನ ಬಿಸಿಯೂ ಫ್ಯಾನಿನ ಸದ್ದೂ ಇಳಿಯುತ್ತವೆ. ಜಿ-ಸಿಂಕ್ ಅಥವಾ ಫ್ರೀಸಿಂಕ್ (ಫ್ರೇಮ್‌ಗಳ ವೇಗಕ್ಕೆ ಮಾನಿಟರನ್ನೇ ಹೊಂದಿಸುವ ತಂತ್ರ) ಇರುವ ಮಾನಿಟರ್ ಆದರೆ ಅದರ ಹರ್ಟ್ಜ್‌ಗಿಂತ ಮೂರು ಕಡಿಮೆ ಇಡಿ, 144ಕ್ಕೆ 141. ಜಿ-ಸಿಂಕ್, ವಿ-ಸಿಂಕ್ ಜೊತೆಗೆ ಎನ್ವಿಡಿಯಾ ರಿಫ್ಲೆಕ್ಸ್ (ಕ್ಲಿಕ್‌ಗೂ ಪರದೆಗೂ ನಡುವಿನ ತಡ ತಗ್ಗಿಸುವ ಸೌಲಭ್ಯ) ಆನ್ ಇದ್ದರೆ ಅದೇ 138ರ ಆಸುಪಾಸಿಗೆ ತಂದು ನಿಲ್ಲಿಸುತ್ತದೆ, ಆಗ ನೀವು ಬೇರೆ ಮಿತಿ ಹಾಕುವುದು ಬೇಡ.